ದಂಡೆಯ ಹಸಿರು ಉಳಿಯಲಿ

ನಮ್ಮ ಕಾಸರಗೋಡಿನವರಂತೆಯೇ 1956ರಲ್ಲಿ ಗಡಿಯಾಚೆ ಉಳಿದ ಕನ್ನಡಿಗರು ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಕಡೆಯಲ್ಲೂ ಇದ್ದಾರೆ. ಮಕ್ತಲ್ ಸೀಮೆಯ ಅಂಚಿನಲ್ಲಿ ಭೀಮೆಯನ್ನು ಕೂಡಿಕೊಳ್ಳುವ ಕೃಷ್ಣೆಗೆ ಗದ್ವಾಲಿನ ಬಳಿ ಜೂರಾಲಾ ಅಣೆಕಟ್ಟು ಕಟ್ಟಿದ್ದಾರೆ. ಕಾಲುವೆ ನೀರು ಬಂದಲ್ಲಿ ಭತ್ತ ಹೆಚ್ಚಿತು. ಅದರೊಡನೆ ಯೂರಿಯವೂ ಹೆಚ್ಚಿತು.

ನೂರು ಕಿಲೋ ಯೂರಿಯದಲ್ಲಿ 46 ಕಿಲೋ ಸಾರಜನಕ. ಪೈರು ಹೀರದೆ ಬಿಟ್ಟದ್ದರಲ್ಲಿ ಒಂದು ಪಾಲು ಮಳೆನೀರಿನೊಡನೆ ಹಳ್ಳ ಸೇರುತ್ತದೆ. ರಂಜಕವು ಕೊಚ್ಚಿಹೋಗುವ ಮಣ್ಣಿಗೆ ಅಂಟಿಕೊಂಡು ಹೋಗುತ್ತದೆ. ನಿಂತ ನೀರಿನಲ್ಲಿ ಇವೆರಡೂ ಸೇರಿದರೆ ಪಾಚಿ ಕೊಬ್ಬುತ್ತದೆ. ಅದು ಕೊಳೆಯುವಾಗ ಆಮ್ಲಜನಕ ತೀರಿ ಮೀನು ಸಾಯುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟು ಲೀಟರಿಗೆ 45 ಮಿಲಿಗ್ರಾಂ ಮೀರಿದರೆ ಹಸುಗೂಸುಗಳಿಗೆ ಅಪಾಯ.

ಇದಕ್ಕೆ ಅಡ್ಡ ನಿಲ್ಲುವುದು ಹಳ್ಳದ ದಂಡೆಯ ಹುಲ್ಲು, ಜೊಂಡು, ಲಕ್ಕಿ, ಹೊಂಗೆ. ಅವು ನೀರಿನ ಓಟ ತಗ್ಗಿಸಿ ಮಣ್ಣನ್ನು ಹಿಡಿಯುತ್ತವೆ, ಬೇರಿನಿಂದ ಗೊಬ್ಬರದ ಸಾರ ಹೀರುತ್ತವೆ. ಆದರೆ ಒಂದು ಸಾಲು ಹೆಚ್ಚು ನೆಡುವ ಆಸೆಗೆ ನಾವು ಮೊದಲು ಕಡಿಯುವುದು ಅವನ್ನೇ! ಈ ಮಾತು ನಮ್ಮ ಪಯಸ್ವಿನಿ ದಂಡೆಯ ಅಡಿಕೆ ತೋಟಗಳಿಗೂ ಸಲ್ಲುತ್ತದೆ.

ದುಡ್ಡು ಕೊಟ್ಟು ತಂದ ಗೊಬ್ಬರವನ್ನು ಹೊಳೆಗೆ ಸುರಿಯುವುದಕ್ಕಿಂತ ನಾಲ್ಕು ಮಾರು ದಂಡೆಯನ್ನು ಅದರ ಪಾಡಿಗೆ ಬಿಡುವುದು ಲೇಸಲ್ಲವೇ? ಗೊಬ್ಬರದ ಪ್ರಮಾಣ ತಿಳಿಸುವ ಕೃಷಿ ಅಧಿಕಾರಿಗಳು ಇದನ್ನೂ ರೈತರಿಗೆ ತಿಳಿಸಲಿ.