ಹುದುಗಿನಲ್ಲಿ ಹುಟ್ಟುವ ಪರಿಮಳ

ನೆಲಮಂಗಲದ ಮಗ್ಗುಲಲ್ಲಿ ಅರಿಶಿನಕುಂಟೆ ಎಂಬ ಊರಿದೆ. ಒಂದು ಸಾಂಬಾರ ಪದಾರ್ಥವೂ ಒಂದು ನೀರಿನ ನೆಲೆಯೂ ಆ ಹೆಸರಿನಲ್ಲಿ ಜೊತೆಗೂಡಿವೆ. ಮಣ್ಣು, ನೀರು, ಗಿಡ ಇವುಗಳಿಲ್ಲದೆ ಬಣ್ಣವಿಲ್ಲ, ರುಚಿಯಿಲ್ಲ, ಪರಿಮಳವಿಲ್ಲ ಎಂಬುದು ನಮ್ಮ ಹಿರಿಯರ ಅನುಭವ. ಈ ಶತಮಾನದಲ್ಲಿ ಆ ಅನುಭವಕ್ಕೆ ಹೊರತಾದ ವಿದ್ಯೆಯೊಂದು ಬೆಳೆದುಬಂದಿದೆ. ಗಿಡದ ನೆರವಿಲ್ಲದೆ ಉಕ್ಕಿನ ತೊಟ್ಟಿಯಲ್ಲಿ ಯೀಸ್ಟಿನಿಂದಲೇ ಪರಿಮಳವನ್ನು ಪಡೆಯುವ ವಿದ್ಯೆ ಅದು. ಅದನ್ನು ನಾವು ಸ್ವಾಗತಿಸಬೇಕೆ, ಶಂಕಿಸಬೇಕೆ?

ಯೀಸ್ಟ್ ಬರಿಗಣ್ಣಿಗೆ ಕಾಣದ ಏಕಕೋಶ ಜೀವಿ. ಶಿಲೀಂಧ್ರಗಳ ವರ್ಗಕ್ಕೆ ಸೇರಿದುದು. ಸಕ್ಕರೆಯನ್ನು ಉಂಡು ಇಂಗಾಲದ ಡೈಆಕ್ಸೈಡನ್ನೂ ಮದ್ಯಸಾರವನ್ನೂ ಹೊರಬಿಡುವುದು ಅದರ ಸ್ವಭಾವ. ಬ್ರೆಡ್ಡಿನ ಹಿಟ್ಟು ಉಬ್ಬುವುದು ಇದರಿಂದಲೇ. ಹುದುಗುವಿಕೆ ಜೀವಿಗಳ ಕಾರ್ಯವೆಂಬುದನ್ನು ಫ್ರಾನ್ಸಿನ ಲೂಯಿ ಪಾಸ್ಚರರು 19ನೆಯ ಶತಮಾನದಲ್ಲಿ ಪ್ರಯೋಗಗಳಿಂದ ತೋರಿಸಿಕೊಟ್ಟರು. 1996ರಲ್ಲಿ ಯೀಸ್ಟಿನ ಸುಮಾರು 6,000 ವಂಶವಾಹಿಗಳ ವಿವರ ಪೂರ್ಣವಾಗಿ ದೊರೆಯಿತು. ವಂಶವಾಹಿಯೆಂದರೆ ಜೀವಕೋಶಕ್ಕೆ ಕೊಟ್ಟ ಆಜ್ಞೆಯಿದ್ದಂತೆ. ಆ ಆಜ್ಞೆಯಂತೆ ಕೋಶವು ಕಿಣ್ವವನ್ನು ತಯಾರಿಸುತ್ತದೆ. ಕಿಣ್ವವು ಒಂದು ವಸ್ತುವನ್ನು ಮತ್ತೊಂದಾಗಿ ಮಾರ್ಪಡಿಸುತ್ತದೆ. ಬೇರೊಂದು ಜೀವಿಯ ವಂಶವಾಹಿಯನ್ನು ಯೀಸ್ಟಿಗೆ ಸೇರಿಸಿದರೆ ಅದು ಹೊಸ ಕೆಲಸವನ್ನು ಕಲಿಯುತ್ತದೆ. ಬೆಂಗಳೂರಿನ ಬಯೋಕಾನ್ ಸಂಸ್ಥೆ 2004ರಲ್ಲಿ ಮಾರುಕಟ್ಟೆಗೆ ತಂದ ಇನ್ಸುಲಿನ್ ಹೀಗೆಯೇ ಯೀಸ್ಟಿನಿಂದ ತಯಾರಾಯಿತು. ಮಧುಮೇಹದ ರೋಗಿಗಳಿಗೆ ಜೀವದಾನ ಮಾಡುವ ವಿದ್ಯೆಯೇ ಈಗ ಪರಿಮಳದ ಕಡೆಗೂ ತಿರುಗಿದೆ.

ಐಸ್‌ಕ್ರೀಮ್, ಬಿಸ್ಕತ್ತುಗಳಿಗೆ ಬಳಸುವ ವೆನಿಲ್ಲಾವನ್ನು ಉದಾಹರಣೆಯಾಗಿ ನೋಡೋಣ. ಇದು ಮೆಕ್ಸಿಕೋ ಮೂಲದ ಒಂದು ಬಳ್ಳಿ. ಅದರ ಹೂ ಅರಳಿರುವುದು ಒಂದೇ ದಿನ. ಅಷ್ಟರಲ್ಲಿ ಪ್ರತಿಯೊಂದು ಹೂವಿಗೂ ಕೈಯಿಂದಲೇ ಪರಾಗಸ್ಪರ್ಶ ಮಾಡಿಸಬೇಕು. ಈ ಸುಲಭೋಪಾಯವನ್ನು 1841ರಲ್ಲಿ ಕಂಡುಹಿಡಿದವನು ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್. ಗುಲಾಮನಾಗಿದ್ದ, ಹನ್ನೆರಡು ವರ್ಷದ ಬಾಲಕ. ಕೋಡು ಬಲಿಯಲು ತಿಂಗಳುಗಳು ಬೇಕು. ಹದಮಾಡಿ ಒಣಗಿಸಲು ಮತ್ತಷ್ಟು ತಿಂಗಳು. ಆದುದರಿಂದಲೇ ಅದು ದುಬಾರಿ. ಅದರ ಪರಿಮಳಕ್ಕೆ ಮುಖ್ಯ ಕಾರಣವಾದ ವೆನಿಲಿನ್ ಎಂಬ ವಸ್ತುವನ್ನು ಜರ್ಮನಿಯ ರಸಾಯನಶಾಸ್ತ್ರಜ್ಞರು 1874ರಲ್ಲಿಯೇ ಕೃತಕವಾಗಿ ತಯಾರಿಸಿದರು. ಇಂದು ಜಗತ್ತು ಬಳಸುವ ವೆನಿಲಿನ್ನಿನ ಬಹುಪಾಲು ಬರುವುದು ಪೆಟ್ರೋಲಿಯಂ ಮೂಲದ ರಾಸಾಯನಿಕಗಳಿಂದ.

2009ರಲ್ಲಿ ಡೆನ್ಮಾರ್ಕಿನ ವಿಜ್ಞಾನಿಗಳು ಹೊಸ ದಾರಿಯೊಂದನ್ನು ಪ್ರಕಟಿಸಿದರು. ಸಗಣಿಯಲ್ಲಿ ಬೆಳೆಯುವ ಬೂಷ್ಟು, ಒಂದು ಬ್ಯಾಕ್ಟೀರಿಯಾ ಮತ್ತು ಮನುಷ್ಯ, ಈ ಮೂವರ ಒಂದೊಂದು ವಂಶವಾಹಿಯನ್ನು ಯೀಸ್ಟಿಗೆ ಸೇರಿಸಿದಾಗ ಅದು ಸಕ್ಕರೆಯಿಂದಲೇ ವೆನಿಲಿನ್ ಮಾಡಿತು. ಆದರೆ ವೆನಿಲಿನ್ ಹೆಚ್ಚಾದರೆ ಯೀಸ್ಟಿಗೇ ವಿಷ! ಈ ತೊಡಕನ್ನು ನಿವಾರಿಸಲು, ಹುಟ್ಟಿದ ವೆನಿಲಿನ್ನಿಗೆ ಸಕ್ಕರೆಯ ಅಣುವೊಂದು ಅಂಟಿಕೊಳ್ಳುವಂತೆ ಮಾಡುವ ಉಪಾಯವನ್ನೂ ಅವರು ಹೂಡಿದರು. 2014ರಲ್ಲಿ ಯೀಸ್ಟಿನ ವೆನಿಲಿನ್ ಮಾರುಕಟ್ಟೆಗೆ ಬಂದಿತು.

ಇದನ್ನು ಕಂಡು ಭಯಪಡುವವರಿದ್ದಾರೆ. ಅವರ ಭಯಕ್ಕೆ ಬಲವಾದ ಆಧಾರವಿಲ್ಲ. ತಯಾರಿಕೆಯ ಕೊನೆಗೆ ಯೀಸ್ಟನ್ನು ಬೇರ್ಪಡಿಸಿ ಪರಿಮಳದ ವಸ್ತುವನ್ನಷ್ಟೇ ತೆಗೆದುಕೊಳ್ಳುತ್ತಾರೆ. ಕೋಡಿನ ವೆನಿಲಿನ್ನಿಗೂ ತೊಟ್ಟಿಯ ವೆನಿಲಿನ್ನಿಗೂ ಅಣುರಚನೆಯಲ್ಲಿ ಭೇದವಿಲ್ಲ. ಪೆಟ್ರೋಲಿಯಂ ಬರಿದಾಗುತ್ತಿರುವ ಕಾಲದಲ್ಲಿ ಸಕ್ಕರೆಯಿಂದ ಪರಿಮಳ ಪಡೆಯುವುದು ವಿವೇಕದ ಮಾರ್ಗವೇ. ಆ ಸಕ್ಕರೆಯೂ ಕಬ್ಬು, ಜೋಳಗಳ ಹೊಲದಿಂದಲೇ ಬರಬೇಕೆಂಬುದನ್ನು ಮಾತ್ರ ನಾವು ಮರೆಯಬಾರದು.

ಎರಡನೆಯ ಆಕ್ಷೇಪಣೆ ಬೆಳೆಗಾರನದು. ಇದು ಹೆಚ್ಚು ತೂಕವುಳ್ಳದ್ದು. 2000ದಲ್ಲಿ ಚಂಡಮಾರುತವೊಂದು ಮಡಗಾಸ್ಕರಿನ ವೆನಿಲ್ಲಾ ತೋಟಗಳನ್ನು ಹಾಳುಗೆಡವಿತು. ಬೆಲೆ ಗಗನಕ್ಕೇರಿತು. ಉತ್ತರ ಕನ್ನಡ, ದಕ್ಷಿಣ ಕನ್ನಡ, ಕೊಡಗುಗಳ ರೈತರು ಅಡಿಕೆ, ಕಾಫಿ ತೋಟಗಳಲ್ಲಿ ವೆನಿಲ್ಲಾ ಹಬ್ಬಿಸಿದರು. 2003ರ ವೇಳೆಗೆ ಒಂದು ಕಿಲೋ ಹಸಿ ಕೋಡಿನ ಬೆಲೆ 3,000 ರೂಪಾಯಿಯನ್ನು ದಾಟಿತು. ತೋಟಗಳಿಗೆ ರಾತ್ರಿಯ ಕಾವಲು ಬಿದ್ದಿತು. ಕೆಲವೇ ವರ್ಷಗಳಲ್ಲಿ ಬೆಲೆ ಪಾತಾಳಕ್ಕಿಳಿಯಿತು. ಸಾಲಮಾಡಿ ಬಳ್ಳಿ ನೆಟ್ಟವರು ಕೈಸುಟ್ಟುಕೊಂಡರು. ಇದು ಯೀಸ್ಟಿನ ತಪ್ಪಲ್ಲ. ಆಗಿನ್ನೂ ಅದರ ವೆನಿಲಿನ್ ಹುಟ್ಟಿರಲಿಲ್ಲ. ಕೊಳ್ಳುವವರು ಅಗ್ಗದ ಕೃತಕ ವೆನಿಲಿನ್ನಿಗೆ ತಿರುಗಿದ್ದೂ, ಮಡಗಾಸ್ಕರ್ ಚೇತರಿಸಿಕೊಂಡದ್ದೂ ಅದಕ್ಕೆ ಕಾರಣ. ಆದರೂ ದೂರದ ಕಾರ್ಖಾನೆಯ ಒಂದು ತೀರ್ಮಾನ ಮಲೆನಾಡಿನ ತೋಟದವರೆಗೆ ತಲಪುತ್ತದೆ ಎಂಬ ಪಾಠವನ್ನು ಅದು ಕಲಿಸಿತು.

ಹಾಗಾದರೆ ನಾವು ಕೇಳಬೇಕಾದುದೇನು? ಮೊದಲನೆಯದು, ಪ್ರಾಮಾಣಿಕವಾದ ಹೆಸರು. ಯೀಸ್ಟಿನ ವೆನಿಲಿನ್ನನ್ನು ‘ನೈಸರ್ಗಿಕ’ವೆಂದು ಮಾರಲು ಕೆಲವು ದೇಶಗಳಲ್ಲಿ ಆಸ್ಪದವುಂಟು. ಕೋಡಿನಲ್ಲಿ ವೆನಿಲಿನ್ ಇರುವುದು ನೂರಕ್ಕೆ ಎರಡರಷ್ಟು ಮಾತ್ರ. ಅದರೊಡನೆ ಇನ್ನೂರಕ್ಕೂ ಹೆಚ್ಚು ಸುವಾಸನೆಯ ವಸ್ತುಗಳು ಬೆರೆತಿರುತ್ತವೆ. ಎರಡನ್ನೂ ಒಂದೇ ಹೆಸರಿನಿಂದ ಕರೆದರೆ ಕೊಳ್ಳುವವನಿಗೂ ಬೆಳೆಯುವವನಿಗೂ ಅನ್ಯಾಯ. ಡಬ್ಬಿಯ ಮೇಲೆ ‘ಯೀಸ್ಟಿನಿಂದ ತಯಾರಿಸಿದ್ದು’ ಎಂದು ಸ್ಪಷ್ಟವಾಗಿ ಬರೆಯಲಿ, ಆಯ್ಕೆ ಕೊಳ್ಳುವವನದಾಗಲಿ.

ಎರಡನೆಯದು, ಲಾಭದಲ್ಲಿ ಪಾಲು. ಅರಿಶಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ನಿನ ವಂಶವಾಹಿಗಳನ್ನೂ ವಿಜ್ಞಾನಿಗಳು ಗುರುತಿಸಿ, ಪ್ರಯೋಗಾಲಯದ ಸೂಕ್ಷ್ಮಜೀವಿಗಳಲ್ಲಿ ಅದನ್ನು ತಯಾರಿಸಿ ತೋರಿಸಿದ್ದಾರೆ. ಇಂದು ವೆನಿಲ್ಲಾದ ಪ್ರಶ್ನೆಯಾಗಿರುವುದು ನಾಳೆ ಚಾಮರಾಜನಗರದ ಅರಿಶಿನ ಬೆಳೆಗಾರನ ಪ್ರಶ್ನೆಯಾಗಬಹುದು. ಅರಿಶಿನ ಗಾಯವನ್ನು ಮಾಯಿಸುತ್ತದೆ ಎಂಬ, ನಮ್ಮ ಅಜ್ಜಿಯರು ಬಲ್ಲ ಸಂಗತಿಗೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ದೊರೆತಿತ್ತು. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಲಿಯು ಹಳೆಯ ಗ್ರಂಥಗಳ ಸಾಕ್ಷ್ಯ ಒದಗಿಸಿ ಹೋರಾಡಿದ್ದರಿಂದ 1997ರಲ್ಲಿ ಅದು ರದ್ದಾಯಿತು. ನಮ್ಮ ಸಸ್ಯಸಂಪತ್ತಿನಿಂದ ಲಾಭ ಪಡೆಯುವವರು ಅದನ್ನು ಕಾಪಾಡಿದವರೊಡನೆ ಹಂಚಿಕೊಳ್ಳಬೇಕೆಂದು 2002ರ ಜೀವವೈವಿಧ್ಯ ಕಾಯಿದೆ ವಿಧಿಸುತ್ತದೆ. ಗಿಡದ ಬದಲು ಅದರ ವಂಶವಾಹಿಯನ್ನಷ್ಟೇ ಕೊಂಡೊಯ್ಯುವವರಿಗೂ ಈ ನ್ಯಾಯ ಅನ್ವಯಿಸಬೇಕು.

ವಿಜ್ಞಾನವನ್ನು ತಡೆಯುವುದು ಜಾಣತನವಲ್ಲ. ಅದರ ಹಿಂದೆ ಕಣ್ಮುಚ್ಚಿ ನಡೆಯುವುದೂ ಜಾಣತನವಲ್ಲ. ನಾಳೆ ನಿಮ್ಮಲ್ಲಿ ಕೆಲವರು ಪ್ರಯೋಗಾಲಯ ಸೇರುವಿರಿ, ಕೆಲವರು ಹೊಲವನ್ನು ಉಳುವಿರಿ. ತೊಟ್ಟಿಯ ಪರಿಮಳಕ್ಕೆ ಸತ್ಯವಾದ ಹೆಸರನ್ನೂ, ಮಣ್ಣಿನ ಪರಿಮಳಕ್ಕೆ ನ್ಯಾಯವಾದ ಬೆಲೆಯನ್ನೂ ದೊರಕಿಸುವುದು ಇಬ್ಬರ ಹೊಣೆಯೂ ಹೌದು.