ಮನೆಪಾಠ ಹೇಳುವವರಿಗೂ ಹೊಣೆಗಾರಿಕೆ ವಿಮೆ ಸಿಗಲಿ

ಗೆ,
ಅಧ್ಯಕ್ಷರು,
ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ,
ಹೈದರಾಬಾದ್.

ವಿಷಯ: ಸ್ವಂತವಾಗಿ ಟ್ಯೂಷನ್ ನಡೆಸುವವರಿಗೆ ಸಾರ್ವಜನಿಕ ಹೊಣೆಗಾರಿಕೆ ವಿಮೆ ಸಿಗದಿರುವ ಬಗ್ಗೆ.

ಮಾನ್ಯರೇ,

ನಾನು ದಾವಣಗೆರೆಯಲ್ಲಿ ಎಂಟರಿಂದ ಹತ್ತನೇ ತರಗತಿಯ ಮಕ್ಕಳಿಗೆ ಗಣಿತ, ವಿಜ್ಞಾನ ಹೇಳಿಕೊಡುತ್ತೇನೆ. ಮನೆಯ ಮೊದಲ ಮಹಡಿಯ ಕೋಣೆಯೇ ತರಗತಿ. ಬೆಳಿಗ್ಗೆ ಶಾಲೆಗೆ ಮುಂಚೆ ಒಂದು ಬ್ಯಾಚ್, ಸಂಜೆ ಎರಡು. ನನ್ನ ಜಾಗದಲ್ಲಿ ಒಂದು ಮಗುವಿಗೆ ಪೆಟ್ಟಾಗಿ, ಅದರ ಹೊಣೆ ನನ್ನದಾದರೆ, ಆ ಮನೆಯವರಿಗೆ ಸಲ್ಲಬೇಕಾದ ಪರಿಹಾರ ನನ್ನ ಕೈಯಲ್ಲಿ ದುಡ್ಡಿಲ್ಲ ಎಂಬ ಕಾರಣಕ್ಕೆ ತಪ್ಪಬಾರದು. ಅದಕ್ಕಾಗಿ ವಿಮೆ ಮಾಡಿಸಲು ಹೊರಟೆ. ಪ್ರೀಮಿಯಂ ಕಟ್ಟಲು ನಾನು ತಯಾರಿದ್ದೇನೆ, ಕಟ್ಟಿಸಿಕೊಳ್ಳುವವರು ಸಿಗುತ್ತಿಲ್ಲ.

ಊರಿನ ವಿಮಾ ಶಾಖೆಯೊಂದರಲ್ಲಿ ವಿಚಾರಿಸಿದಾಗ ಸೌಜನ್ಯದಿಂದಲೇ ಕೂರಿಸಿ ಮಾತಾಡಿಸಿದರು. ‘ಪಬ್ಲಿಕ್ ಲಯಬಿಲಿಟಿ’ ಎಂದೊಡನೆ ಒಂದು ಫಾರಂ ಮುಂದಿಟ್ಟರು. ಬಳಸುವ ಅಪಾಯಕಾರಿ ರಾಸಾಯನಿಕದ ಹೆಸರು, ದಾಸ್ತಾನಿನ ಪ್ರಮಾಣ, ಘಟಕದ ಬಂಡವಾಳ, ವರ್ಷದ ವಹಿವಾಟು ಇವೆಲ್ಲ ಅದರ ಕಾಲಂಗಳು. ನನ್ನ ಕೋಣೆಯಲ್ಲಿರುವುದು ಒಂದು ಕರಿಹಲಗೆ, ನಾಲ್ಕು ಉದ್ದ ಬೆಂಚು, ಒಂದು ಫ್ಯಾನು. ಯಾವ ಕಾಲಮಿನಲ್ಲಿ ಏನು ಬರೆಯಲಿ?

ಆ ಫಾರಂ ಎಲ್ಲಿಂದ ಬಂದದ್ದೆಂದು ತಮಗೆ ಗೊತ್ತಿದೆ. 1984ರ ಭೋಪಾಲ್ ಅನಿಲ ದುರಂತದ ನಂತರ ಸಂಸತ್ತು 1991ರಲ್ಲಿ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ ತಂದಿತು. ಅಪಾಯಕಾರಿ ವಸ್ತುಗಳನ್ನು ನಿರ್ವಹಿಸುವವರು ಕಡ್ಡಾಯವಾಗಿ ವಿಮೆ ಮಾಡಿಸಬೇಕು, ಅಪಘಾತವಾದರೆ ತಪ್ಪು ಯಾರದೆಂದು ಸಾಬೀತಾಗುವವರೆಗೆ ಕಾಯಿಸದೆ ಸಂತ್ರಸ್ತರಿಗೆ ಪರಿಹಾರ ಸಿಗಬೇಕು ಎಂಬುದು ಅದರ ಉದ್ದೇಶ. ಒಳ್ಳೆಯ ಕಾನೂನು. ಆದರೆ ಆ ಹೆಸರು ಅದಕ್ಕೇ ಅಂಟಿಕೊಂಡು, ಕಾರ್ಖಾನೆ ಇಲ್ಲದವರಿಗೂ ಇಂಥ ವಿಮೆ ಉಂಟು ಎಂಬುದು ನಮ್ಮಂಥ ಊರುಗಳ ಶಾಖೆಗಳಲ್ಲಿ ಮರೆತೇಹೋಗಿದೆ. ಹೋಟೆಲು, ಚಿತ್ರಮಂದಿರ, ಶಾಲೆ, ಕ್ಲಬ್ಬುಗಳಿಗೆ ಕೈಗಾರಿಕೇತರ ಹೊಣೆಗಾರಿಕೆ ಪಾಲಿಸಿ ಬಹಳ ಕಾಲದಿಂದ ಇದೆ. ಅದನ್ನು ನಾನೇ ಹುಡುಕಿಕೊಂಡು ಹೋಗಿ ಕೇಳಿದಾಗ ಕಡತ ಮೇಲಿನ ಕಚೇರಿಗೆ ಹೋಯಿತು. ಅಲ್ಲಿಂದ ಟ್ರೇಡ್ ಲೈಸೆನ್ಸ್, ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ, ಕಟ್ಟಡದ ವಾಣಿಜ್ಯ ಬಳಕೆಯ ಅನುಮತಿ ಕೇಳಿ ಪತ್ರ ಬಂತು. ಉದ್ಯಮ್ ನೋಂದಣಿಯ ಪ್ರಮಾಣಪತ್ರ ಕೊಟ್ಟೆ, ಅದು ಸಾಲದು ಎಂದರು. ಕೊನೆಗೆ ಬಂದ ಉತ್ತರ, ‘ಟ್ಯೂಷನ್ ಎಂಬ ವರ್ಗ ನಮ್ಮಲ್ಲಿಲ್ಲ’ ಎಂದು. ಅದೂ ಫೋನಿನಲ್ಲಿ, ಬರಹದಲ್ಲಲ್ಲ.

ಏಜೆಂಟರೊಬ್ಬರು ಮಕ್ಕಳ ಹೆಸರಿನಲ್ಲಿ ಗುಂಪು ಅಪಘಾತ ವಿಮೆ ಮಾಡಿಸಿ ಎಂದರು. ಅದು ಮುಖ್ಯವಾಗಿ ಸಾವು, ಅಂಗವೈಕಲ್ಯಕ್ಕೆ ನಿಗದಿಯಾದ ಮೊತ್ತ ಕೊಡುವಂಥದ್ದು. ಪೋಷಕರು ನನ್ನಿಂದ ಪರಿಹಾರ ಕೇಳಿ ಕೋರ್ಟಿಗೆ ಹೋದರೆ ಅದು ನನ್ನ ಹೊಣೆಯನ್ನು ಹೊರುವುದಿಲ್ಲ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದೆಯಲ್ಲ ಎಂದವರೂ ಇದ್ದಾರೆ. ಅದು 18ರಿಂದ 70 ವರ್ಷದವರಿಗೆ, ನನ್ನಲ್ಲಿ ಕಲಿಯುವ ಮಕ್ಕಳಿಗೆ ಇನ್ನೂ ಹದಿನೆಂಟು ತುಂಬಿಲ್ಲ. ನನ್ನ ಮನೆಗಿರುವ ವಿಮೆ ಗೋಡೆ, ಸಾಮಾನಿಗೆ ಮಾತ್ರ.

ಇದು ಕಾಗದದ ಮೇಲಿನ ಚಿಂತೆಯಲ್ಲ. ಹೋದ ಮಳೆಗಾಲದಲ್ಲಿ ಸಂಜೆಯ ಬ್ಯಾಚಿನ ಹುಡುಗನೊಬ್ಬ ಒದ್ದೆ ಮೆಟ್ಟಿಲಲ್ಲಿ ಜಾರಿ ಬಿದ್ದ. ಬಲಗೈ ಮಣಿಕಟ್ಟಿನ ಮೂಳೆ ಮುರಿದಿತ್ತು. ಹೆಗಲಿಗೇರಿಸಿದ್ದ ಬ್ಯಾಗನ್ನು ಎಡಗೈಯಿಂದ ಅವುಚಿಕೊಂಡು, ‘ಮೇಡಂ, ಅಪ್ಪಂಗೆ ಫೋನ್ ಮಾಡ್ಬೇಡಿ, ಬಾಡಿಗೆ ಬಿಟ್ಟು ಬರ್ತಾರೆ’ ಅಂದ. ಅವನ ತಂದೆ ಆಟೋ ಓಡಿಸುತ್ತಾರೆ. ಆಸ್ಪತ್ರೆಯ ಬಿಲ್ಲನ್ನು ನಾವಿಬ್ಬರೂ ಹಂಚಿಕೊಂಡೆವು. ಅವರು ನನ್ನ ಮೇಲೆ ಒಂದು ಮಾತನ್ನೂ ಆಡಲಿಲ್ಲ. ಕೈ ಕೂಡಿಕೊಂಡಿತು, ಅವನು ಈಗಲೂ ಬರುತ್ತಾನೆ. ಆದರೆ ಬಿದ್ದದ್ದು ತಲೆ ಅಡಿಯಾಗಿದ್ದರೆ? ಹಂಚಿಕೊಳ್ಳುವ ಮಾತು ಅವರಿಂದಲೂ ಆಗುತ್ತಿರಲಿಲ್ಲ, ನನ್ನಿಂದಲೂ ಆಗುತ್ತಿರಲಿಲ್ಲ. ಬಡ ಪೋಷಕರ ಒಳ್ಳೆಯತನದ ಮೇಲೆ ನಾವು ಇಷ್ಟೊಂದು ಭಾರ ಹಾಕಬಾರದು.

ನನ್ನ ಸ್ಕೂಟರಿಗೆ ಥರ್ಡ್ ಪಾರ್ಟಿ ವಿಮೆ ಇಲ್ಲದಿದ್ದರೆ ಪೊಲೀಸರು ದಂಡ ಹಾಕುತ್ತಾರೆ. 75ರಿಂದ 150 ಸಿಸಿ ದ್ವಿಚಕ್ರ ವಾಹನಕ್ಕೆ 2022ರಲ್ಲಿ ಸರ್ಕಾರ ನಿಗದಿ ಮಾಡಿದ ದರ ವರ್ಷಕ್ಕೆ 714 ರೂಪಾಯಿ. ದಾರಿಯಲ್ಲಿ ಹೋಗುವ ಅಪರಿಚಿತರಿಗೆ ನನ್ನಿಂದ ತೊಂದರೆಯಾದರೆ ಪರಿಹಾರಕ್ಕೆ ವ್ಯವಸ್ಥೆ ಇದೆ, ದಿನವೂ ನನ್ನನ್ನು ನಂಬಿ ಮೆಟ್ಟಿಲು ಹತ್ತಿ ಬರುವ ಮಕ್ಕಳಿಗೆ ಇಲ್ಲ. ಇದನ್ನು ನಾನು ಅನ್ಯಾಯ ಎಂದೇ ಕರೆಯುತ್ತೇನೆ.

ನಮ್ಮಂಥವರು ನಿಯಮಗಳ ಕಣ್ಣಿಗೂ ಬೀಳುವುದಿಲ್ಲ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ ಕೋಚಿಂಗ್ ಮಾರ್ಗಸೂಚಿ 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೇಂದ್ರಗಳಿಗೆ. ಸೂರತ್‌ನ ಕಟ್ಟಡವೊಂದರಲ್ಲಿ 2019ರ ಮೇ 24ರಂದು ಬೆಂಕಿ ಬಿದ್ದು ಕೋಚಿಂಗಿಗೆ ಬಂದಿದ್ದ 22 ಎಳೆಯರು ತೀರಿಕೊಂಡದ್ದನ್ನು ಪಾಠ ಹೇಳುವ ಯಾರೂ ಮರೆಯಲಾರರು. ವಿಮೆ ಬೆಂಕಿಯನ್ನು ತಡೆಯದು, ನಿಜ. ಆದರೆ ವಿಮೆಯ ಜೊತೆಗೆ ಷರತ್ತು ಬರುತ್ತದೆ. ಮೆಟ್ಟಿಲಿಗೆ ಕಂಬಿ ಇದೆಯೇ, ವೈರಿಂಗ್ ಸರಿಯಿದೆಯೇ, ಹೊರಹೋಗಲು ದಾರಿ ಬಿಟ್ಟಿದ್ದೀರಾ ಎಂದು ಕೇಳುವವರೊಬ್ಬರು ಇರುತ್ತಾರೆ. ಇಂದು ಲಕ್ಷಾಂತರ ಮನೆಪಾಠದ ಕೋಣೆಗಳಿಗೆ ಆ ಪ್ರಶ್ನೆ ಕೇಳುವವರೇ ಇಲ್ಲ.

ಪ್ರಾಧಿಕಾರ ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ತಮ್ಮದೇ ಕೆಲಸ ಸಾಕ್ಷಿ. ಎಲ್ಲ ಕಂಪನಿಗಳಲ್ಲೂ ಒಂದೇ ನಮೂನೆಯಲ್ಲಿ ಸಿಗುವ ಆರೋಗ್ಯ ಸಂಜೀವನಿಯನ್ನು 2020ರಲ್ಲಿ ತಂದಿರಿ. 2021ರ ಏಪ್ರಿಲ್ 1ರಿಂದ ಮನೆಗಳಿಗೆ ಭಾರತ್ ಗೃಹ ರಕ್ಷಾ, ಸಣ್ಣ ಉದ್ದಿಮೆಗಳಿಗೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಬಂದವು. ಕೊನೆಯ ಎರಡೂ ನಮ್ಮ ಆಸ್ತಿ ಕಾಪಾಡುತ್ತವೆ. ನಮ್ಮಿಂದ ಬೇರೆಯವರಿಗಾಗುವ ಹಾನಿಗೂ ಅಂಥದ್ದೇ ಒಂದು ಸರಳ ಪಾಲಿಸಿ ರೂಪಿಸಿ. ಟ್ಯೂಷನ್ನಿನವರಿಗಷ್ಟೇ ಅಲ್ಲ, ಸಂಗೀತ, ಭರತನಾಟ್ಯ, ಯೋಗ, ಹೊಲಿಗೆ ಕಲಿಸುವವರಿಗೂ ಅದು ಬೇಕು.

ಪ್ರಪೋಸಲ್ ಫಾರಂ ಒಂದೇ ಪುಟದ್ದಿರಲಿ, ಕನ್ನಡದಲ್ಲೂ ಇರಲಿ. ವಿಳಾಸ, ಮಕ್ಕಳ ಸಂಖ್ಯೆ, ಯಾವ ಮಹಡಿ, ಉದ್ಯಮ್ ನೋಂದಣಿ ಸಂಖ್ಯೆ ಇಷ್ಟು ಕೇಳಿದರೆ ಸಾಕಾಗಬೇಕು. ಐದು, ಹತ್ತು ಲಕ್ಷದಂಥ ಸಣ್ಣ ಮೊತ್ತಕ್ಕೂ ಪಾಲಿಸಿ ಸಿಗಬೇಕು. ಮಕ್ಕಳ ಮನೆಗೇ ಹೋಗಿ ಪಾಠ ಹೇಳುವವರಿಗೆ ಅಲ್ಲಿಯೂ ಅದು ಅನ್ವಯಿಸಬೇಕು.

ಇನ್ನೊಂದು ವಿನಂತಿ. ಹಣ ಕಟ್ಟಿಸಿಕೊಂಡು ಪಾಲಿಸಿ ಕೊಡದಿದ್ದರೆ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಹಣವನ್ನೇ ಕಟ್ಟಿಸಿಕೊಳ್ಳದೆ ಬಾಯಿಮಾತಿನಲ್ಲಿ ವಾಪಸು ಕಳಿಸಿದರೆ ನಮ್ಮ ಕೈಯಲ್ಲಿ ತೋರಿಸಲು ಒಂದು ಚೀಟಿಯೂ ಉಳಿಯುವುದಿಲ್ಲ. ಆದ್ದರಿಂದ ಪ್ರಸ್ತಾವ ತಿರಸ್ಕರಿಸುವ ಶಾಖೆ ಕಾರಣವನ್ನು ಬರೆದು, ಸಹಿ ಹಾಕಿ ಕೊಡುವಂತೆ ಕಟ್ಟುನಿಟ್ಟಾಗಿ ಸೂಚಿಸಬೇಕು. ಹೊಸ ಪಾಲಿಸಿ ರೂಪಿಸಲು ಸಮಯ ಹಿಡಿಯಬಹುದು, ಈ ಸೂಚನೆಗೆ ಒಂದು ಸುತ್ತೋಲೆ ಸಾಕು. ಶಾಲೆಗಳು ಮತ್ತೆ ತೆರೆದು ಹೊಸ ಬ್ಯಾಚುಗಳು ಶುರುವಾಗುವ ಮೊದಲು ಅದನ್ನಾದರೂ ಹೊರಡಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮನೆಪಾಠದ ಶಿಕ್ಷಕಿ,
ದಾವಣಗೆರೆ