ಹುಸಿ ಕ್ಲಿಕ್ಕಿಗೆ ವಿಳಾಸಗಳ ಬೇಲಿ: ಯಾರ ರಕ್ಷಣೆಗೆ?

ಓದುಗರು ಕ್ಲಿಕ್ ಮಾಡಿದಷ್ಟು ಸಲ ಜಾಹೀರಾತುದಾರ ಹಣ ತೆರುವುದು ಅಂತರಜಾಲದಲ್ಲಿ ರೂಢಿಯಾಗಿರುವ ಪದ್ಧತಿ. ಅದರ ಬೆನ್ನಿಗೇ ವಂಚನೆಯೂ ಹುಟ್ಟಿಕೊಂಡಿತು. ಪ್ರತಿಸ್ಪರ್ಧಿಯ ಹಣ ಕರಗಿಸಲೆಂದು ಕ್ಲಿಕ್ ಮಾಡುವವರು ಕೆಲವರಾದರೆ, ತಮ್ಮದೇ ತಾಣದ ಜಾಹೀರಾತುಗಳನ್ನು ಯಂತ್ರಗಳಿಂದ ಕ್ಲಿಕ್ ಮಾಡಿಸಿ ಪಾಲು ಪಡೆಯುವವರು ಹಲವರು. ಇದಕ್ಕೆ ಸಾಮಾನ್ಯವಾಗಿ ಸೂಚಿಸಲಾಗುವ ಮದ್ದು, ಸಂಶಯಾಸ್ಪದ ಐಪಿ ವಿಳಾಸಗಳಿಗೆ ಜಾಹೀರಾತು ಕಾಣದಂತೆ ತಡೆಯುವುದು. ಈ ಮದ್ದು ರೋಗಕ್ಕೆ ತಕ್ಕುದೇ ಎಂಬುದನ್ನು ಪರಾಮರ್ಶಿಸಬೇಕಾಗಿದೆ.

ವಿಧಾನವೇನೋ ಸರಳ. ಗೂಗಲ್‌ನ ಜಾಹೀರಾತು ವ್ಯವಸ್ಥೆಯಲ್ಲಿ ಒಂದು ಪ್ರಚಾರಕ್ಕೆ 500 ನಮೂದುಗಳವರೆಗೆ ತಡೆಪಟ್ಟಿ ರಚಿಸಬಹುದು. ವಿಳಾಸದ ಕೊನೆಯ ಅಂಕಿಯ ಬದಲು ನಕ್ಷತ್ರ ಚಿಹ್ನೆ ಹಾಕಿದರೆ ಒಂದೇ ಏಟಿಗೆ 256 ವಿಳಾಸಗಳಿಗೆ ಬಾಗಿಲು ಮುಚ್ಚುತ್ತದೆ. ಆದರೆ ಯಾವ ವಿಳಾಸದಿಂದ ಕ್ಲಿಕ್ ಬಂತೆಂಬುದನ್ನು ಗೂಗಲ್ ತನ್ನ ವರದಿಯಲ್ಲಿ ತಿಳಿಸುವುದಿಲ್ಲ. ಜಾಹೀರಾತುದಾರ ತನ್ನ ಸರ್ವರ್‌ನ ದಾಖಲೆಯನ್ನು ತಾನೇ ಶೋಧಿಸಬೇಕು.

ಎರಡು ಪ್ರಕರಣಗಳ ಪಾಠ

ಈ ಬೇಲಿ ಎಲ್ಲಿ ನಿಲ್ಲುತ್ತದೆ, ಎಲ್ಲಿ ಕುಸಿಯುತ್ತದೆ ಎಂಬುದಕ್ಕೆ ಅಮೆರಿಕದ ಎರಡು ಪ್ರಕರಣಗಳು ಸಾಕ್ಷಿ. ಎರಡರಲ್ಲೂ ಕದ್ದದ್ದು ಹುಸಿ ನೋಟಗಳ ಹಣವಾದರೂ ತಂತ್ರ ಹುಸಿ ಕ್ಲಿಕ್ಕಿನದೇ. ‘ಮೆಥ್‌ಬಾಟ್’ ಜಾಲ ಡಾಟಾ ಕೇಂದ್ರಗಳಲ್ಲಿ 1,900ಕ್ಕೂ ಹೆಚ್ಚು ಸರ್ವರ್‌ಗಳನ್ನಿಟ್ಟು, 6.5 ಲಕ್ಷಕ್ಕೂ ಅಧಿಕ ವಿಳಾಸಗಳನ್ನು ಗುತ್ತಿಗೆಗೆ ಪಡೆದು, ಅವು ಮನೆಗಳ ಸಂಪರ್ಕಗಳೆಂದು ಸುಳ್ಳು ನೋಂದಣಿ ಮಾಡಿಸಿತ್ತು. 2016ರ ಡಿಸೆಂಬರ್‌ನಲ್ಲಿ ವೈಟ್ ಆಪ್ಸ್ ಎಂಬ ಭದ್ರತಾ ಸಂಸ್ಥೆ ಆ ವಿಳಾಸಗಳ ಪಟ್ಟಿಯನ್ನು ಬಹಿರಂಗಪಡಿಸಿದಾಗ ಜಾಲದ ಆಟ ಮುಗಿಯಿತು. ವಿಳಾಸಗಳು ವಂಚಕರ ಕೈಯಲ್ಲೇ ಇದ್ದುದರಿಂದ ಬೇಲಿ ಫಲಿಸಿತು.

‘ಈವ್’ ಎಂಬ ಇನ್ನೊಂದು ಜಾಲ ಚಾಪೆ ಬಿಟ್ಟು ರಂಗೋಲಿ ಕೆಳಗೆ ತೂರಿತು. ಅದು ಬಳಸಿಕೊಂಡದ್ದು ವೈರಸ್ ತಗಲಿದ 17 ಲಕ್ಷಕ್ಕೂ ಹೆಚ್ಚು ಸಾಮಾನ್ಯರ ಕಂಪ್ಯೂಟರ್‌ಗಳನ್ನು. ವಿಳಾಸ ನಿಜವಾದ ಮನೆಯದು, ಮಾಲೀಕ ನಿರಪರಾಧಿ. ತಡೆದರೆ ನಷ್ಟ ಅವನಿಗೂ ಅವನಿಗೆ ಸರಕು ಮಾರಬೇಕಿದ್ದ ವ್ಯಾಪಾರಿಗೂ. ಜಾಹೀರಾತುದಾರರಿಂದ 2.9 ಕೋಟಿ ಡಾಲರ್‌ಗೂ ಹೆಚ್ಚು ಹಣ ಕಿತ್ತ ಈ ಜಾಲವನ್ನು ಮುರಿದದ್ದು ಯಾರದೋ ತಡೆಪಟ್ಟಿಯಲ್ಲ, 2018ರಲ್ಲಿ ಎಫ್‌ಬಿಐ ಕೈಗೊಂಡ ಕಾರ್ಯಾಚರಣೆ.

ನಮ್ಮಲ್ಲಿ ಸಮಸ್ಯೆ ಇನ್ನಷ್ಟು ಜಟಿಲ. ಹಳೆಯ ಮಾದರಿಯ ಐಪಿ ವಿಳಾಸಗಳ ಜಾಗತಿಕ ದಾಸ್ತಾನು 2011ರಲ್ಲೇ ಬರಿದಾಯಿತು. ಹೀಗಾಗಿ ಮೊಬೈಲ್ ಕಂಪೆನಿಗಳು ಅಪಾರ ಸಂಖ್ಯೆಯ ಗ್ರಾಹಕರಿಗೆ ಒಂದೇ ವಿಳಾಸವನ್ನು ಹಂಚುತ್ತವೆ. ಹಣಕ್ಕಾಗಿ ಮನೆಯಲ್ಲೇ ಕುಳಿತು ಜಾಹೀರಾತು ಕ್ಲಿಕ್ಕಿಸುವ ಭಾರತೀಯ ಗೃಹಿಣಿಯರು, ಪದವೀಧರರ ಕುರಿತು 2004ರಲ್ಲೇ ಪತ್ರಿಕಾ ವರದಿ ಬಂದಿತ್ತು. ಅಂಥವರೊಬ್ಬರನ್ನು ತಡೆಯಲು ಇಡೀ ಶ್ರೇಣಿಯನ್ನು ಮುಚ್ಚುವುದು ಇಲಿಗೆ ಹೆದರಿ ಮನೆ ಸುಟ್ಟಂತೆ. ಓದುಗರನ್ನು ನಂಬಿ ಜಾಹೀರಾತಿನಿಂದ ಬದುಕುವ ಸಣ್ಣ ಭಾಷಾ ತಾಣಗಳಿಗೂ ಅದರ ಬಿಸಿ ತಟ್ಟುತ್ತದೆ.

ಹೊಣೆ ಯಾರದು?

ಮೂಲ ಪ್ರಶ್ನೆ ಹೊಣೆಯದು. ಕ್ಲಿಕ್ ವಂಚನೆ ತನ್ನ ವ್ಯವಹಾರಕ್ಕೇ ಅಪಾಯವೆಂದು 2004ರಲ್ಲಿ ಎಚ್ಚರಿಸಿದವರು ಗೂಗಲ್‌ನ ಅಂದಿನ ಹಣಕಾಸು ಮುಖ್ಯಸ್ಥ ಜಾರ್ಜ್ ರೆಯಿಸ್. ಅರ್ಕನ್ಸಾಸ್ ರಾಜ್ಯದಲ್ಲಿ ಜಾಹೀರಾತುದಾರರು ಹೂಡಿದ ದಾವೆ 2006ರಲ್ಲಿ 9 ಕೋಟಿ ಡಾಲರ್‌ಗಳ ಒಪ್ಪಂದದಲ್ಲಿ ಮುಗಿಯಿತು. ಆದರೆ ವಕೀಲರ ಶುಲ್ಕ ಹೋಗಿ ಉಳಿದ ಪರಿಹಾರ ಸಿಕ್ಕಿದ್ದು ನಗದಾಗಿ ಅಲ್ಲ, ಮತ್ತೆ ಗೂಗಲ್‌ನಲ್ಲೇ ಜಾಹೀರಾತು ನೀಡಲು ಬಳಸಬೇಕಾದ ಜಮೆಯಾಗಿ! ಅಸಿಂಧು ಕ್ಲಿಕ್ಕುಗಳನ್ನು ತಾನೇ ಸೋಸಿ ಅವುಗಳಿಗೆ ಹಣ ಪಡೆಯುವುದಿಲ್ಲವೆಂದು ಕಂಪೆನಿ ಹೇಳುತ್ತದೆ. ಅದು ನಿಜವೇ ಆದರೂ ಲೆಕ್ಕ ಬರೆಯುವವನೂ, ಲೆಕ್ಕ ಪರಿಶೋಧಿಸುವವನೂ ಒಬ್ಬನೇ ಆಗಿರುವುದು ಸರಿಯಲ್ಲ.

ಹಾಗೆಂದು ತಡೆಪಟ್ಟಿ ನಿರುಪಯುಕ್ತವಲ್ಲ. ಡಾಟಾ ಕೇಂದ್ರಗಳ ಶ್ರೇಣಿಗಳನ್ನು, ತಮ್ಮದೇ ಕಚೇರಿಯ ವಿಳಾಸವನ್ನು ಅದರಲ್ಲಿ ಸೇರಿಸುವುದು ವಿವೇಕ. ಉಳಿದಂತೆ, ಕ್ಲಿಕ್ಕುಗಳು ಬಂದರೂ ವ್ಯಾಪಾರ ತಾರದ ತಾಣಗಳನ್ನು ಕೈಬಿಡಬೇಕೇ ಹೊರತು ಓದುಗರನ್ನಲ್ಲ. ಮೆಥ್‌ಬಾಟ್‌ನ ಸೂತ್ರಧಾರ ಅಲೆಕ್ಸಾಂಡರ್ ಝುಕೋವ್‌ಗೆ 2021ರಲ್ಲಿ ನ್ಯೂಯಾರ್ಕ್‌ನ ನ್ಯಾಯಾಲಯ 10 ವರ್ಷಗಳ ಸೆರೆವಾಸ ವಿಧಿಸಿತು. ವಂಚಕ ವಿಳಾಸವನ್ನು ದಿನಕ್ಕೊಂದರಂತೆ ಬದಲಿಸಬಲ್ಲ. ಆದರೆ ಕದ್ದ ಹಣ ಎಲ್ಲಾದರೊಂದು ಖಾತೆಗೆ ಸೇರಲೇಬೇಕು. ಕಾವಲು ಇರಬೇಕಾದದ್ದು ಅಲ್ಲಿ.